ಅಡವು ಬಿಡಿಸಿದ ಮನೆ

ಇಪ್ಪತ್ತೆರಡು ತೆಂಗಿನಮರಗಳಿದ್ದ ಮನೆಯಲ್ಲಿ ನಾನು ಒಂಬತ್ತು ವರ್ಷ ತೆಂಗಿನಕಾಯಿ ಹಾಕದೆ ಸಾರು ಮಾಡಿದ್ದೇನೆ. ನಗಬೇಡಿ. ಮರದಲ್ಲಿದ್ದ ಒಂದೊಂದು ಕಾಯಿಯೂ ಮಾರಾಟಕ್ಕೆ. ಇಲಿ ಕೊರೆದದ್ದನ್ನೂ ಬಿಡದೆ ಒಣಗಿಸಿ ಕೊಬ್ಬರಿ ಮಾಡಿ ಕೊಡುತ್ತಿದ್ದೆ. ನಮಗೆ ಹುರುಳಿ ಬೇಯಿಸಿದ ನೀರು, ಅದಕ್ಕೆ ಹುಣಸೆಹುಳಿ, ಉಪ್ಪು, ಎರಡು ಮೆಣಸು. ಮೊದಲ ದಿನ ನನ್ನ ಗಂಡ ಅದನ್ನು ಬಾಯಿಗೆ ಹಾಕಿ, "ಇದೆಂತ ಅಕ್ಕು, ಯಾರಿಗೆ ಜ್ವರ?" ಎಂದು ಕೇಳಿದರು.

"ಮನೆಗೆ ಜ್ವರ. ನೀವು ಸುಮ್ಮನೆ ಉಣ್ಣಿ," ಎಂದೆ.

ಅಕ್ಕು ನನ್ನ ಹೆಸರು. ಗಂಡನ ಹೆಸರು ಹೇಳಬಾರದೆಂದು ಅಮ್ಮ ಕಲಿಸಿದ್ದಳು. ಆದರೆ ಸಾಹುಕಾರರ ಪೆಟ್ಟಿಗೆಯಲ್ಲಿದ್ದ ಅಡವುಪತ್ರದಲ್ಲಿ ಚೆನ್ನಪ್ಪ ಎಂದು ಲೋಕಕ್ಕೇ ಕಾಣುವ ಹಾಗೆ ಬರೆದಿರುವಾಗ ನಾನು ಮುಚ್ಚಿಟ್ಟು ಏನು ಪ್ರಯೋಜನ? ಚೆನ್ನಪ್ಪ. ಮಂಜೇಶ್ವರ ಸ್ಟೇಷನ್ನಿನ ತೆಂಕು ದಿಕ್ಕಿನ ರೈಲುಗೇಟಿನಲ್ಲಿ ಕೆಲಸ. ಗಾಡಿ ಬರುವಾಗ ಗೇಟು ಹಾಕುವುದು, ಹೋದ ಮೇಲೆ ತೆಗೆಯುವುದು. ತಿಂಗಳಿಗೆ ಹದಿನಾಲ್ಕು ರೂಪಾಯಿ. ಒಳ್ಳೆಯ ಮನುಷ್ಯ. ಯಾರು ಏನು ಹೇಳಿದರೂ ಹೂಂ ಎನ್ನುವವರು. ಅವರಲ್ಲಿದ್ದ ಕೊರತೆಯೂ ಅದೇ.

ನಮ್ಮ ಮದುವೆಯಾದ ವರ್ಷ, ಮೂವತ್ತಾರನೇ ಇಸವಿಯಲ್ಲಿ, ಇವರ ಸೋದರಮಾವ ಯಾವುದೋ ಗಡಿಯ ವ್ಯಾಜ್ಯ ಗೆಲ್ಲುತ್ತೇನೆಂದು ಇವರ ರುಜುವನ್ನೂ ಹಾಕಿಸಿ ಮನೆಯನ್ನು ವೆಂಕಟಕೃಷ್ಣಯ್ಯ ಎಂಬ ಸಾಹುಕಾರರಿಗೆ ಆರುನೂರು ರೂಪಾಯಿಗೆ ಅಡವಿಟ್ಟರು. ವ್ಯಾಜ್ಯ ಸೋತಿತು, ಮಾವ ತೀರಿಕೊಂಡರು, ಸಾಲ ಉಳಿಯಿತು. ಹನ್ನೆರಡು ವರ್ಷದ ಗಡುವು. ನಲವತ್ತೆಂಟರ ಬಿಸು ಹಬ್ಬದೊಳಗೆ ಅಸಲು ತೀರಿಸದಿದ್ದರೆ ಮನೆ ಸಾಹುಕಾರರಿಗೆ. ಬಡ್ಡಿ ತಿಂಗಳಿಗೆ ನಾಲ್ಕೂವರೆ.

ನನಗೆ ಅಕ್ಷರ ಬಾರದು, ಲೆಕ್ಕ ಬರುತ್ತದೆ. ಹನ್ನೆರಡು ವರ್ಷ ಬಡ್ಡಿ ಕಟ್ಟಿದರೆ ಆರುನೂರ ನಲವತ್ತೆಂಟು ರೂಪಾಯಿ. ಅಸಲಿಗಿಂತ ಹೆಚ್ಚು! ಅಷ್ಟು ಕೊಟ್ಟ ಮೇಲೂ ಅಸಲು ಕಲ್ಲುಗುಂಡಿನ ಹಾಗೆ ಕೂತೇ ಇರುತ್ತದೆ. ಚೂರು ಚೂರಾಗಿ ಕೊಡುತ್ತೇವೆ ಎಂದರೆ ಸಾಹುಕಾರರು ಒಪ್ಪಲಿಲ್ಲ. "ಇಡಿಯಾಗಿ ತಾ ಮಾರಾಯ, ಚಿಲ್ಲರೆ ವ್ಯಾಪಾರ ನನಗೆ ಬೇಡ," ಎಂದರಂತೆ. ಹೌದಲ್ಲ, ಬಡ್ಡಿಯ ಹಸು ಹಾಲು ಕೊಡುತ್ತಿರುವಾಗ ಯಾರು ಹಗ್ಗ ಬಿಚ್ಚುತ್ತಾರೆ? ಆ ದಿನವೇ ನಾನು ಹಟ ಹಿಡಿದೆ. ಗಡುವಿಗೆ ಮೂರು ವರ್ಷ ಮೊದಲೇ ತೀರಿಸಬೇಕು. ನೂರ ಅರವತ್ತೆರಡು ರೂಪಾಯಿ ಬಡ್ಡಿ ಉಳಿಯಬೇಕು.

ಹೇಗೆ ತೀರಿಸಿದೆ ಎಂದು ಈಗಿನವರು ಕೇಳುತ್ತಾರೆ. ಹೇಗೆಂದರೆ ಹೊಟ್ಟೆ ಕಟ್ಟಿ. ಅಕ್ಕಿ ತೊಳೆಯುವ ಮೊದಲು ಪ್ರತಿಸಲ ಒಂದು ಮುಷ್ಟಿ ತೆಗೆದಿಡುವುದು. ತಿಂಗಳ ಕೊನೆಗೆ ಆ ಮುಷ್ಟಿ ಅಕ್ಕಿಯೇ ನಾಲ್ಕು ದಿನಕ್ಕಾಗುತ್ತಿತ್ತು. ಬೆಂಕಿಪೆಟ್ಟಿಗೆ ಕೊಳ್ಳುವ ಕ್ರಮವೇ ಇಲ್ಲ, ನೆರೆಮನೆಯಿಂದ ಚಿಪ್ಪಿನಲ್ಲಿ ಕೆಂಡ ತರುವುದು. ಎಂಜಿನಿನಿಂದ ಬಿದ್ದ ಕಲ್ಲಿದ್ದಲ ಚೂರುಗಳನ್ನು ಹಳಿಯ ಬದಿಯಲ್ಲಿ ಹೆಕ್ಕುವುದು. ಸಂಜೆಯಾದರೆ ಸೀಮೆಎಣ್ಣೆಯ ಖರ್ಚೆಂದು ಮನೆಯಲ್ಲಿ ದೀಪ ಹಚ್ಚದೆ, ಗೇಟಿನ ಬಳಿ ರೈಲ್ವೆಯವರ ಲಾಂದ್ರದ ಬೆಳಕಿಗೆ ಹೋಗಿ ಕೂತು ಮಡಲು ಹೆಣೆಯುತ್ತಿದ್ದೆ. ಮನೆಯ ಮಾಡಿಗೆ ಹೊದೆಸುವ ತೆಂಗಿನಗರಿಯ ಮಡಲು ನೂರಕ್ಕೆ ಇಷ್ಟು ಎಂದು ದರ. ಇವರು ಕೆಂಪು ಹಸಿರು ದೀಪ ಹಿಡಿದು ನಿಂತರೆ ನಾನು ಕಾಲು ಚಾಚಿ ಹೆಣೆಯುವುದು. ಗಾಡಿಯ ಗಾರ್ಡುಗಳಿಗೆ ನನ್ನ ಗುರುತಿತ್ತು.

ನೆಂಟರು ಬಂದರೆ ಮಾತ್ರ ಕಷ್ಟ. ನೆಂಟರ ಮೇಲೂ ಪ್ರೀತಿ, ಅಕ್ಕಿಯ ಮೇಲೂ ಆಸೆ ಎನ್ನುತ್ತಾರಲ್ಲ, ನನಗೆ ಪ್ರೀತಿ ಕಡಿಮೆಯಾಗುತ್ತಾ ಹೋಯಿತು, ಅಕ್ಕಿಯ ಆಸೆ ಉಳಿಯಿತು. ತವರಿಗೆ ಹೋಗುವುದನ್ನೂ ನಿಲ್ಲಿಸಿದೆ. ಪೈವಳಿಕೆಗೆ ಬಸ್ಸಿನ ಹಣ ಯಾರು ಕೊಡುವುದು? ನನ್ನ ಮಗಳು ಮನೋರಮಾ ನಾಲ್ಕು ವರ್ಷದವಳಿರುವಾಗ ನೆರೆಮನೆಯಲ್ಲಿ ಕಾಯಿ ತುರಿಯುವಲ್ಲಿ ಹೋಗಿ ಕೈ ಚಾಚಿ ನಿಂತಳು. ಎಳೆದು ತಂದು ಬೆನ್ನಿಗೆ ಎರಡು ಕೊಟ್ಟೆ. ಆಮೇಲೆ ಬಾವಿಕಟ್ಟೆಯಲ್ಲಿ ಕೂತು ನಾನೇ ಅತ್ತೆ. ತಲೆಯ ಮೇಲೆ ಇಪ್ಪತ್ತೆರಡು ಮರ, ಮಗು ಭಿಕ್ಷೆ ಬೇಡುತ್ತದೆ. ಎಂಥ ಸಾವು ಇದು ಎಂದು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆದರೆ ಮರುದಿನವೂ ಕಾಯಿಯನ್ನು ಮಾರಿದೆ.

ಯುದ್ಧ ಬಂತು, ಎಲ್ಲದಕ್ಕೂ ಕ್ರಯ ಏರಿತು. ಊರವರೆಲ್ಲ ಅಯ್ಯೋ ಎನ್ನುವಾಗ ನಮಗೆ ಉಪವಾಸದ ಅಭ್ಯಾಸ ಮೊದಲೇ ಆಗಿತ್ತು. ತೆಂಗಿನಕಾಯಿಗೂ ಕ್ರಯ ಏರಿತು, ರೈಲ್ವೆಯಲ್ಲಿ ತುಟ್ಟಿಭತ್ಯೆ ಕೊಟ್ಟರು. ಅಂಚೆ ಕಚೇರಿಯಲ್ಲಿ ಇಡುವ ಎಂದು ಇವರು ಹೇಳಿದರು. ಪುಸ್ತಕ ಗಂಡನ ಹೆಸರಿಗೆ ಆಗುತ್ತದೆ ಎಂದು ನಾನು ಬಿಡಲಿಲ್ಲ. ತಗಡಿನ ಡಬ್ಬದಲ್ಲಿ ಹಾಕಿ ನನ್ನ ತಲೆದೆಸೆಯಲ್ಲೇ ಇಟ್ಟುಕೊಂಡೆ.

ಗಂಡನ ಮೇಲೆ ಇಷ್ಟು ಸಂಶಯ ಏಕೆ ಎಂದು ಕೇಳಿದರೆ ನಮ್ಮ ಕ್ರಮ ಹೇಳಬೇಕು. ನಮ್ಮದು ಅಳಿಯಕಟ್ಟು. ಮನೆ, ಜಾಗ ಎಲ್ಲ ಹೆಣ್ಣಿನ ಕಡೆಯಿಂದ ಇಳಿದು ಬರುವುದು. ಗಂಡನ ಮನೆ ಅವನ ಅಕ್ಕತಂಗಿಯರ ಮಕ್ಕಳಿಗೆ. ಅವನಿರುವ ತನಕ ಹೆಂಡತಿ ಅಲ್ಲಿ ಇರಬಹುದು, ಗುಡಿಸಬಹುದು, ಸಾರಿಸಬಹುದು. ಅವನು ಹೋದ ದಿನ ಅವಳು ಮಕ್ಕಳ ಕೈ ಹಿಡಿದುಕೊಂಡು ತನ್ನ ಅಮ್ಮನ ಮನೆಗೆ ನಡೆಯಬೇಕು. ಇವರಿಗೆ ಒಬ್ಬಳು ಅಕ್ಕ, ಪಂಕಜಾಕ್ಷಿ. ನೆಕ್ರಾಜೆಯಲ್ಲಿ ನಾಲ್ಕು ಮಕ್ಕಳೊಂದಿಗೆ ಗಂಡನ ಮನೆಯಲ್ಲಿದ್ದಳು. ಆ ಮನೆಯೂ ಅವಳ ಗಂಡನ ತಂಗಿಯದ್ದು. ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಬಂದು, ಉಂಡು, ಸಾಲಕ್ಕೆ ಒಂದಾಣೆ ಕೊಡದೆ, "ಈ ಗೋಡೆಗೆ ಒಂದು ಸುಣ್ಣ ಬೇಕಿತ್ತು ಅಕ್ಕು," ಎಂದು ಹೇಳಿ ಹೋಗುತ್ತಿದ್ದಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ. ಅವಳು ಹೋದ ಮೇಲೆ ನಾನು ಬೈದ ಬೈಗುಳವನ್ನು ಕೇಳಿದ್ದರೆ ದೈವವೂ ಎದ್ದು ಹೋಗುತ್ತಿತ್ತು.

ಹಾಗಾದರೆ ನಾನೇಕೆ ಹೊಟ್ಟೆ ಕಟ್ಟಿದೆ? ಮೊದಲು, ಮನೆ ಉಳಿದರೆ ಸಾಕು ಎಂದು. ಆಮೇಲೆ ಯುದ್ಧದ ನಡುವೆ ಒಂದು ದಾರಿ ಸಿಕ್ಕಿತು. ರಿಜಿಸ್ಟ್ರಿ ಕಚೇರಿಯ ಜಗಲಿಯಲ್ಲಿ ದಸ್ತಾವೇಜು ಬರೆಯುವ ಸುಕುಮಾರ ಎಂಬವರು ಕೊಟ್ಟಿಗೆಗೆಂದು ನನ್ನಿಂದ ಮಡಲು ಕೊಂಡವರು. ಅವರೇ ಬಿಡಿಸಿ ಹೇಳಿದರು.

"ನೋಡಿ ಅಕ್ಕು, ಖುಲಾಸೆ ಬೇರೆ, ವರ್ಗ ಬೇರೆ. ಸಾಲ ತೀರಿತು ಅಂತ ಖುಲಾಸೆ ಬರೆಸಿದರೆ ಮನೆ ಕುಟುಂಬಕ್ಕೆ ಹೋಯಿತು. ನಿಮಗೆ ಎಂತದೂ ಇಲ್ಲ. ಅದೇ ಆರುನೂರಕ್ಕೆ ಸಾಹುಕಾರರ ಅಡವಿನ ಹಕ್ಕನ್ನು ನಿಮ್ಮ ಹೆಸರಿಗೆ ವರ್ಗ ಮಾಡಿಸಿದರೆ, ಅವರು ಇದ್ದಲ್ಲಿ ನೀವು. ನಿಮಗೆ ಆರುನೂರು ಎಣಿಸದೆ ನಿಮ್ಮನ್ನು ಯಾರೂ ಎಬ್ಬಿಸ್ಲಿಕ್ಕೆ ಆಗುವುದಿಲ್ಲ."

ಆ ರಾತ್ರಿ ನನಗೆ ಹಸಿವೇ ಆಗಲಿಲ್ಲ. ಇವರಿಗೆ ಹೇಳಿದೆ. ಹೂಂ ಎಂದರು. ಮನೆಯೊಳಗೆ ದೈವವನ್ನು ಇರಿಸಿ ಪೂಜಿಸುವ ಮಂಚದ ಎದುರು ನಿಲ್ಲಿಸಿ ಮಾತು ತೆಗೆದುಕೊಂಡೆ. ಅಲ್ಲಿಯೂ ಹೂಂ ಎಂದರು. ಮತ್ತೆ ಮೂರು ವರ್ಷ ನಾನು ಮಡಲು ಹೆಣೆದದ್ದು ಆ ಒಂದು ಹೂಂ ಎಂಬುದರ ಮೇಲೆ.

ನಲವತ್ತೈದನೇ ಇಸವಿಯ ಬಿಸುವಿಗೆ ನಾಲ್ಕು ದಿನ ಇರುವಾಗ ಆರುನೂರು ಭರ್ತಿಯಾಯಿತು. ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೆ, ಏಳು ವರ್ಷದ ಮನೋರಮೆಯ ಕೈ ಹಿಡಿದೆ, ಮೂವರೂ ರಿಜಿಸ್ಟ್ರಿ ಕಚೇರಿಗೆ ಹೋದೆವು. ಹೆಂಗಸರು ಒಳಗೆ ಬೇಡ ಎಂದು ನನ್ನನ್ನು ಜಗಲಿಯ ಕೊನೆಗೆ ಕೂರಿಸಿದರು. ಸಾಹುಕಾರರು ಕೊಡೆ ಊರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಸುಕುಮಾರರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಓದುವಾಗ ಅವರು ನನ್ನತ್ತ ನೋಡಲಿಲ್ಲ. ಚೆನ್ನಪ್ಪನು ಕುಟುಂಬದ ಯಜಮಾನನ ನೆಲೆಯಲ್ಲಿ ಅಸಲು ಸಂದಾಯ ಮಾಡಿದ್ದರಿಂದ ಅಡವು ಖುಲಾಸೆಯಾಗಿರುತ್ತದೆ, ಎಂದು.

ನಾನು ಎದ್ದು ನಿಂತೆ. "ಎಂತ ಓದಿದ್ದು ನೀವು?"

ಸುಕುಮಾರರು ಕಾಗದ ಕೆಳಗಿಟ್ಟರು. "ನಿಮ್ಮ ಯಜಮಾನರು ಹೇಳಿದ ಹಾಗೆ ಬರೆದದ್ದು ಅಕ್ಕು. ನಾನು ಎರಡು ಸಲ ಕೇಳಿದೆ."

ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. "ಅಕ್ಕ ಬಂದಿದ್ಲು ಗೇಟಿಗೆ, ಹೋದ ವಾರ," ಎಂದರು. "ದೈವದ ಮಂಚ ಇರುವ ಮನೆ, ಹೊರಗಿನವರ ಹೆಸರಿಗೆ ಹೋಗ್ಲಿಕ್ಕುಂಟಾ ಅಂತ ಕೇಳಿದ್ಲು. ಮಕ್ಕಳ ಮೇಲೆ ದೋಷ ಬಂದೀತು ಅಂತ ಅತ್ತಳು."

"ಒಂಬತ್ತು ವರ್ಷ ಸಾಹುಕಾರರ ಪೆಟ್ಟಿಗೆಯಲ್ಲಿ ಇತ್ತಲ್ಲ, ಆಗ ದೈವಕ್ಕೆ ನಿದ್ದೆಯಾ? ಅವರು ಒಳಗಿನವರಾ? ನಾನು ಹೊರಗಿನವಳಾ?"

"ಗಟ್ಟಿ ಮಾತಾಡ್ಬೇಡ ಮಾರಾಯ್ತಿ. ನಾನಿರುವ ತನಕ ನಿನ್ನನ್ನು ಯಾರು ಎಬ್ಬಿಸ್ತಾರೆ? ಅದೆಲ್ಲ ನಾನು ಸತ್ತ ಮೇಲಿನ ಮಾತಲ್ವಾ?"

"ನೀವು ಸತ್ತ ಮೇಲೆ ನಾನೂ ಸಾಯ್ಬೇಕು ಅಂತ ಉಂಟಾ? ಈ ಮಗು ಎಲ್ಲಿಗೆ ಹೋಗುವುದು?"

"ಪೈವಳಿಕೆಯಲ್ಲಿ ನಿನಗೆ ನಿನ್ನ ಕುಟುಂಬದ ಮನೆ ಉಂಟಲ್ಲ," ಎಂದರು ಇವರು, ಸಮಾಧಾನ ಹೇಳುವ ಸ್ವರದಲ್ಲಿ.

ಸಾಹುಕಾರರು ಬಾಯಿಗೆ ಎಲೆ ಹಾಕುತ್ತಾ, "ಜಗಳ ಮುಗಿಸಿ ನಿಧಾನವಾಗಿ ಬನ್ನಿ, ನನಗೆ ಅವಸರ ಇಲ್ಲ. ಇನ್ನೂ ಮೂರು ವರ್ಷ ಉಂಟು," ಎಂದರು. ಅವರಿಗೇಕೆ ಅವಸರ!

"ಹೌದು, ನನಗೆ ನನ್ನ ಮನೆ ಉಂಟು," ಎಂದೆ. ಹಣ ಸೊಂಟದಲ್ಲೇ ಇತ್ತು. ಮಗಳನ್ನು ಎಳೆದುಕೊಂಡು ಜಗಲಿಯಿಂದ ಇಳಿದೆ. ಇವರು ಹಿಂದಿನಿಂದ ನಾಲ್ಕು ಹೆಜ್ಜೆ ಬಂದರು. ಅಷ್ಟರಲ್ಲಿ ಗಾಡಿಯ ಹೊತ್ತಾಯಿತು, ಗೇಟು ಹಾಕಲು ಓಡಿದರು.

ಆಗ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಅರ್ಧ ದಾರಿಗೆ ಬಸ್ಸು, ಉಳಿದದ್ದು ನಡಿಗೆ. ದಾರಿಯುದ್ದಕ್ಕೂ ತಮ್ಮ ಬೋಜನಿಗೆ ಹೇಳಬೇಕಾದ ಮಾತನ್ನು ಉರು ಹಾಕುತ್ತಾ ನಡೆದೆ. ಇದು ಅಮ್ಮನ ಮನೆ. ಅಮ್ಮ ತೀರಿದ ಮೇಲೆ ನನ್ನದು, ನನ್ನ ನಂತರ ಮನೋರಮೆಯದು. ನಾನು ಇರಲು ಬಂದಿದ್ದೇನೆ. ಅಷ್ಟೆ. ಯಾರ ಹೂಂ ಎಂಬುದೂ ನನಗೆ ಬೇಡ. ಏರು ಹತ್ತುವಾಗ ಹೆಮ್ಮೆಯೂ ಆಯಿತು. ಸೊಂಟದಲ್ಲಿ ಆರುನೂರು ರೂಪಾಯಿ, ಎದುರಿಗೆ ನನ್ನದೇ ಮನೆ. ನಾನು ಯಾರಿಗೆ ಕಡಿಮೆ?

ಅಂಗಳಕ್ಕೆ ಬಂದವಳು ನಿಂತುಬಿಟ್ಟೆ. ನಾನು ಬಿಟ್ಟು ಹೋದದ್ದು ಮುಳಿಹುಲ್ಲಿನ ಮಾಡು. ಈಗ ನೋಡಿದರೆ ಕೆಂಪು ಹಂಚು, ಹೊಸತು. ಗೋಡೆಗೆ ಸುಣ್ಣ. ಬೋಜ ಇರಲಿಲ್ಲ, ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಸೌದಾಮಿನಿ ಅಂಗಳದಲ್ಲಿ ಗೆರಸೆ ಹಿಡಿದು ಹುರುಳಿ ಗೇರುತ್ತಿದ್ದಳು. ನನ್ನನ್ನು ನೋಡಿದಳು. ಹೇಳಿ ಕಳಿಸದೆ ಬಂದದ್ದನ್ನು, ಜೊತೆಗೆ ಮಗಳಿರುವುದನ್ನು, ಗಂಡ ಇಲ್ಲದ್ದನ್ನು ನೋಡಿದಳು. ಅವಳ ಮುಖದ ರಕ್ತ ಇಳಿದುಹೋಯಿತು. ಗೆರಸೆ ಕೆಳಗಿಟ್ಟು ಎದ್ದು, ಸೆರಗು ಸರಿ ಮಾಡಿಕೊಂಡು, "ಬನ್ನಿ ಅತ್ತಿಗೆ," ಎಂದಳು.

ಬೆಲ್ಲ, ನೀರು ತಂದಿಟ್ಟಳು. ಆಮೇಲೆ ನಾನು ಬಾಯಿ ಬಿಡುವ ಮೊದಲೇ ಒಳಗೆ ಹೋಗಿ, ನಡುಕೋಣೆಯಿಂದ ತನ್ನ ಇಬ್ಬರು ಗಂಡುಮಕ್ಕಳ ಚಾಪೆ, ಹೊದಿಕೆ, ಸ್ಲೇಟು ಎಲ್ಲ ತಂದು ಜಗಲಿಯಲ್ಲಿ ಇಟ್ಟಳು. ಕೋಣೆಯನ್ನು ಗುಡಿಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಮಕ್ಕಳು ಜಗಲಿಯ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಹಂಚು ಯಾವಾಗ ಹಾಕಿಸಿದ್ದು?" ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ ಎಂದು.

"ಎರಡು ವರ್ಷ ಆಯ್ತು ಅತ್ತಿಗೆ. ಮಾಡು ಸೋರ್ತಿತ್ತು." ಅವಳ ಕೈ ಕಿವಿಗೆ ಹೋಯಿತು. ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ, ಪೊರಕೆಯ ಹಿಡಿಕಡ್ಡಿ ಸಿಕ್ಕಿಸಿಕೊಂಡಿದ್ದಳು. ಕುತ್ತಿಗೆಯೂ ಬೋಳು. ಕರಿಮಣಿ ಒಂದೇ.

ಊಟಕ್ಕೆ ನನಗೂ ಮನೋರಮೆಗೂ ಎಲೆ ಹಾಕಿ ಅನ್ನ ಬಡಿಸಿದಳು. ಅವಳ ಮಕ್ಕಳು ಅಡುಗೆಮನೆಯಲ್ಲಿ ಗಂಜಿ ಉಣ್ಣುವುದು ನನಗೆ ಕಾಣುತ್ತಿತ್ತು. ತಿಳಿ ಹೆಚ್ಚು, ಅಗುಳು ಕಡಿಮೆ. ನನಗೆ ಆ ಗಂಜಿಯ ಅಳತೆ ಚೆನ್ನಾಗಿ ಗೊತ್ತು.

ಸೌದಾಮಿನಿ ಬಾಗಿಲಿಗೆ ಒರಗಿ ನಿಂತಿದ್ದವಳು ಕೊನೆಗೆ ಬಾಯಿ ಬಿಟ್ಟಳು. "ಅತ್ತಿಗೆ, ಒಂದು ಮಾತು ಕೇಳಿದರೆ ಸಿಟ್ಟು ಮಾಡ್ಬೇಡಿ. ಮನೆ ನಿಮ್ಮದು, ನನಗೆ ಗೊತ್ತುಂಟು. ಮನೆ ನನಗೆ ಬೇಡ. ಆದರೆ ಹಂಚಿನ ಹಣ ಇನ್ನೂರ ಹತ್ತು ನನ್ನದು. ಬೆಂಡೋಲೆ ಕೊಟ್ಟದ್ದು, ಸರ ಕೊಟ್ಟದ್ದು, ಮತ್ತೆ ಕೋಳಿ ಸಾಕಿದ್ದು, ಅಡಕೆ ಸುಲಿಯುವ ಕೂಲಿಗೆ ಹೋದದ್ದು. ಅಷ್ಟು ಸೌದಾಮಿನಿಗೆ ಕೊಡ್ಲಿಕ್ಕುಂಟು ಅಂತ ಒಂದು ಚೂರು ಕಾಗದಕ್ಕೆ ನಿಮ್ಮ ಹೆಬ್ಬೆಟ್ಟು ಒತ್ತಿ ಕೊಡ್ತೀರಾ? ನಾಳೆ ನಿಮ್ಮ ತಮ್ಮನಿಗೆ ಎಂತಾದ್ರೂ ಆದ್ರೆ, ಮಕ್ಕಳನ್ನು ಕಟ್ಟಿಕೊಂಡು ಹೊರಡುವಾಗ ಕೈಯಲ್ಲಿ ಅಷ್ಟಾದ್ರೂ ಬೇಕಲ್ಲ."

ನಾನು ಎಲೆಯಿಂದ ಕೈ ಎತ್ತಿದೆ. ನನ್ನ ಹೆಬ್ಬೆಟ್ಟು ನನ್ನ ಕೈಯಲ್ಲೇ ಇತ್ತು. ಒಂದು ಸಲ ಒತ್ತಿದರೆ ಆ ಹುಡುಗಿ ಆ ದಿನ ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ಕಚೇರಿಯ ಜಗಲಿಯಲ್ಲಿ ನಾನು ಕೇಳಿದ್ದಕ್ಕಿಂತ ಅವಳು ಕೇಳಿದ್ದು ಎಷ್ಟೋ ಕಡಿಮೆ. ದೇವರಾಣೆ, ಒತ್ತುತ್ತೇನೆ ಎಂದು ಹೇಳಲು ಬಾಯಿ ತೆರೆದಿದ್ದೆ.

ಆಗ ಪಕ್ಕದಲ್ಲಿ ಮನೋರಮಾ ಅನ್ನವನ್ನು ಗಬಗಬ ತಿನ್ನುವುದು ಕಂಡಿತು. ಲೋಕದಲ್ಲಿ ಇವಳಿಗೆ ಇರುವ ಮನೆ ಇದೊಂದೇ. ಇನ್ನೂರ ಹತ್ತು ಕೊಡಲಿಕ್ಕುಂಟು ಎಂದು ನಾನು ಬರೆದುಕೊಟ್ಟರೆ ಅದು ಇವಳ ಮನೆಯ ಮೇಲೆ ಇನ್ನೊಂದು ಸಾಲ. ಅದನ್ನು ಯಾರು ತೀರಿಸುವುದು? ಇವಳಾ, ಮತ್ತೆ ಹೊಟ್ಟೆ ಕಟ್ಟಿ? ಒಂಬತ್ತು ವರ್ಷ ಸಾಲದ ಮನೆಯಲ್ಲಿ ಬದುಕಿದವಳು ನಾನು. ಮಗಳಿಗೆ ಅದನ್ನೇ ಕೊಡುವುದು ನನ್ನಿಂದ ಆಗಲಿಲ್ಲ.

"ಬೋಜ ಬರ್ಲಿ ಸೌದಾಮಿನಿ, ಕೇಳಿ ಹೇಳ್ತೇನೆ," ಎಂದೆ.

ಅವಳು, "ಆಯ್ತು ಅತ್ತಿಗೆ," ಎಂದಳು. ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಬೋಜ ಸಂಜೆ ಬಂದ. ನಾನು ಅವನಲ್ಲಿ ಏನೂ ಕೇಳಲಿಲ್ಲ. ಸೌದಾಮಿನಿ ನನ್ನ ಮುಖವನ್ನೂ ಅವನ ಮುಖವನ್ನೂ ನೋಡುತ್ತಾ ಒಳಗೆ ಹೊರಗೆ ಓಡಾಡಿದಳು. ಮರುದಿನ ಬೆಳಗಾಗುವಾಗ, "ಸುಮ್ಮನೆ ನೋಡಿ ಹೋಗ್ಲಿಕ್ಕೆ ಬಂದದ್ದು, ಅಲ್ಲಿ ಅವರಿಗೆ ಊಟಕ್ಕೆ ಯಾರಿದ್ದಾರೆ?" ಎಂದು ಹೇಳಿ ಹೊರಟೆ. ಸೌದಾಮಿನಿ ತೋಡು ದಾಟುವಲ್ಲಿಯವರೆಗೆ ಬಂದಳು. ಅವಳ ಮುಖಕ್ಕೆ ಜೀವ ಮರಳಿತ್ತು, ನಡೆಯುವಾಗ ಏನೇನೋ ಹೇಳಿ ನಗುತ್ತಿದ್ದಳು. ನಾನು ಹೋಗುತ್ತಿದ್ದೇನೆ ಎಂಬುದೇ ಅವಳ ಸಂತೋಷ. ಅದನ್ನು ಮುಚ್ಚಲು ಅವಳಿಗೆ ಬರಲಿಲ್ಲ, ಪಾಪ.

ಮಂಜೇಶ್ವರ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಇವರು ಗೇಟಿನಲ್ಲಿದ್ದರು. ಒಂದು ಮಾತೂ ಬೈಯಲಿಲ್ಲ. "ಬಂದಿಯಾ," ಎಂದರು, ಮಗಳನ್ನು ಎತ್ತಿಕೊಂಡರು. ಬೈದಿದ್ದರೆ ನನಗೆ ಸುಖವಿತ್ತು. ಅಸಲು ಕೊಡದೆ ಇಟ್ಟುಕೊಂಡರೆ ತಿಂಗಳು ತಿಂಗಳು ನಾಲ್ಕೂವರೆ ಹೋಗುವುದು ನನ್ನ ಮಗಳ ಗಂಜಿಯಿಂದಲೇ. ಕೊಟ್ಟರೆ ಮನೆ ಪಂಕಜಾಕ್ಷಿಗೆ. ಎಲ್ಲಿ ತಿರುಗಿದರೂ ಗೋಡೆ. ಮರುದಿನ ಕಚೇರಿಗೆ ಹೋಗಿ ಸೊಂಟದ ಗಂಟು ಬಿಚ್ಚಿದೆ. ಸಾಹುಕಾರರು ಎರಡು ಸಲ ಎಣಿಸಿದರು. ಒಬ್ಬ ಸಾಕ್ಷಿ ಕಡಿಮೆಯಿತ್ತು, ಸುಕುಮಾರರು ನನ್ನ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಚೆನ್ನಪ್ಪ ಹಣ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬುದಕ್ಕೆ.

ಬಿಸುವಿನ ದಿನ ಪಂಕಜಾಕ್ಷಿ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಬಂದಳು. ದೈವಕ್ಕೆ ಕೈ ಮುಗಿದು, ಕೋಣೆ ಕೋಣೆ ನೋಡಿದಳು. ದೊಡ್ಡ ಮಗಳಿಗೆ, "ಇದು ಚಾವಡಿ, ಇದು ಅಜ್ಜಿಯ ಕೋಣೆ," ಎಂದು ತೋರಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಳ್ಳೇದು ನೋಡಿಕೊಂಡಿದ್ದೀ ಅಕ್ಕು. ನೀನಿದ್ದದ್ದಕ್ಕೆ ನನ್ನ ಮಕ್ಕಳಿಗೆ ಮನೆ ಉಳಿಯಿತು," ಎಂದಳು. ವ್ಯಂಗ್ಯ ಅಲ್ಲ, ಮನಸ್ಸಿನಿಂದ ಹೇಳಿದ್ದು. ಕಣ್ಣಲ್ಲಿ ನೀರಿತ್ತು.

ಈ ಹೆಂಗಸಿಗೆ ಬೈಯಲೆಂದು ಒಂಬತ್ತು ವರ್ಷ ಕೂಡಿಟ್ಟ ಮಾತುಗಳಿದ್ದವು ನನ್ನಲ್ಲಿ. ಅವಳ ಹುಟ್ಟು, ಅವಳ ಹೊಟ್ಟೆ, ಅವಳ ಅಳು, ಯಾವುದನ್ನೂ ಬಿಡಬಾರದು ಎಂದಿದ್ದೆ. ನಾಲಗೆಯ ತುದಿಗೆ ಬಂದ ಒಂದೊಂದು ಮಾತನ್ನೂ ನೋಡಿದರೆ ಅದು ಪೈವಳಿಕೆಯಲ್ಲಿ ಸೌದಾಮಿನಿ ನನಗೆ ಹೇಳಬೇಕಾದದ್ದೇ ಆಗಿತ್ತು.

"ಬಿಸಿಲಲ್ಲಿ ಬಂದದ್ದು ನೀವು, ಕೂತುಕೊಳ್ಳಿ ಅತ್ತಿಗೆ," ಎಂದು ಹೇಳಿ, ಕೊಡ ತೆಗೆದುಕೊಂಡು ಬಾವಿಗೆ ಹೋದೆ.